ಪೊರ್ಬುಗಳ ಏಸಿ ಮತ್ತು ಕೆಳಗಿನ ಕ್ಲಾಸಿನ ತಂಡ

ಬಹರೈನಿನಲ್ಲಿ ಉಣ್ಣೆಯ ಶಾಲಿಗೆ ಎಂತ ಕೆಲಸ ಎಂದು ಯಾರಾದರೂ ಕೇಳಿದರೆ, ಇಪ್ಪತ್ತಾರು ವರ್ಷ ಇಲ್ಲಿ ಏಸಿ ರಿಪೇರಿ ಮಾಡಿದ ನಾನು ಕೊಡಬಹುದಾದ ಉತ್ತರ ಒಂದೇ: ಏಸಿ ಹಾಳುಮಾಡುವುದು. ಮೊನ್ನೆ ಶುಕ್ರವಾರ ಹೂರಾದ ನನ್ನ ರೂಮಿನಲ್ಲಿ ಟೂಲ್ ಬ್ಯಾಗನ್ನು ಬೋರಲು ಮಾಡಿ ಕೊಡವುತ್ತಿದ್ದೆ. ತಳದಿಂದ ಹಸಿರು ಮತ್ತು ಕೆಂಪು ಉಣ್ಣೆ ಎಳೆಗಳ ಸಣ್ಣ ಉಂಡೆಯೊಂದು ಬಿತ್ತು. ಬಿಸಾಡಲು ಎದ್ದವನು ಮತ್ತೆ ಕುಳಿತೆ. ಆ ಉಂಡೆಯಲ್ಲಿ ಇಂಗ್ಲೆಂಡಿನ ಒಂದು ಫುಟ್‌ಬಾಲ್ ತಂಡದ ಇಡೀ ಒಂದು ವರ್ಷ ಇದೆ. ನನ್ನದೂ ಸ್ವಲ್ಪ ಇದೆ.

ಅದು ಕಳೆದ ಆಗಸ್ಟಿನ ಉಂಡೆ. ಮಾಹೂಝಿನ ಒಂದು ಫ್ಲ್ಯಾಟಿನಿಂದ ದೂರು ಬಂದಿತ್ತು: ಏಸಿ ಓಡುತ್ತದೆ, ತಂಪಿಲ್ಲ, ನೀರು ಸೋರುತ್ತದೆ. ಆಗಸ್ಟಿನಲ್ಲಿ ಇಲ್ಲಿ ಇಂಥ ದೂರು ಬಂದರೆ ಆಂಬುಲೆನ್ಸಿನ ಹಾಗೆ ಓಡಬೇಕು. ಶನಿವಾರ ಸಂಜೆ ಐದರ ಹೊತ್ತಿಗೆ ಏಣಿ ಹೊತ್ತುಕೊಂಡು ಬಾಗಿಲು ತಟ್ಟಿದೆ. ಬಾಗಿಲು ತೆರೆದವರು ಅರವತ್ತು ದಾಟಿದ ಒಬ್ಬರು, ಹೆಸರು ಲಾರೆನ್ಸ್, ಒಂದು ಹೋಟೆಲಿನ ಉಗ್ರಾಣ ನೋಡಿಕೊಳ್ಳುವವರು. ಊರು ನಮ್ಮ ಕಡೆಯೇ, ಉಡುಪಿಯ ಹತ್ತಿರ. ನಮ್ಮಲ್ಲಿ ಕ್ರೈಸ್ತ ಹಿರಿಯರನ್ನು ಪೊರ್ಬುಗಳು ಎಂದು ಕರೆಯುವುದು ರೂಢಿ, ನಾನೂ ಹಾಗೆಯೇ ಕರೆದೆ. ಅವರು ಮೊದಲ ಐದು ನಿಮಿಷ ನನ್ನನ್ನು ಮೆಕ್ಯಾನಿಕ್ ಎಂದರು, ಆಮೇಲೆ ಶೀನ ಎಂದರು. ನಮ್ಮ ಮಾತೆಲ್ಲ ನಡೆಯುವುದು ತುಳುವಿನಲ್ಲಿ. ಎಲ್ಲರಿಗೂ ತಿಳಿಯಲಿ ಎಂದು ಇಲ್ಲಿ ಕನ್ನಡ ಮಾಡಿದ್ದೇನೆ.

ಏಸಿ ನೋಡಿದರೆ ಅದರ ನೆತ್ತಿಯ ಮೇಲೆ ಉದ್ದಕ್ಕೂ ಒಂದು ಉಣ್ಣೆಯ ಶಾಲು. ದೇವರ ಪಟಕ್ಕೆ ಹಾರ ಹಾಕಿದ ಹಾಗೆ ಎರಡು ತುದಿಗಳೂ ಇಳಿಬಿದ್ದಿವೆ. ಏಸಿ ಉಸಿರು ಎಳೆದುಕೊಳ್ಳುವುದೇ ನೆತ್ತಿಯಿಂದ. ಅಲ್ಲಿಗೆ ಕಂಬಳಿ ಹೊದೆಸಿದರೆ ಒಳಗೆ ಗಾಳಿ ಇಲ್ಲದೆ ಕಾಯಿಲ್ ಎನ್ನುವ ತಂಪಿನ ಕೊಳವೆಗಳ ಮೇಲೆ ಮಂಜುಗಡ್ಡೆ ಕಟ್ಟುತ್ತದೆ, ಮತ್ತೆ ತಂಪು ಎಲ್ಲಿಂದ ಬರಬೇಕು? ಶಾಲನ್ನು ಇಳಿಸಿ ಮುಚ್ಚಳ ತೆಗೆದೆ. ಫಿಲ್ಟರಿನ ತುಂಬ ಹಸಿರು ಕೆಂಪು ಎಳೆ.

“ಇದು ಎಂತ ಪೊರ್ಬುಗಳೇ?”

“ನಮ್ಮ ತಂಡದ್ದು. ಗಾಳಿಗೆ ಸ್ವಲ್ಪ ಆಡ್ಲಿ ಅಂತ ಹಾಕಿದ್ದು. ಮೈದಾನದಲ್ಲಿ ಹೀಗೇ ಆಡ್ತದೆ.”

ಅಷ್ಟು ಹೇಳಿ ಅವರು ಟೀವಿಯ ಕಡೆ ತಿರುಗಿದರು. ನಾನು ಏಣಿಯ ಮೇಲೆ, ಬಾಯಲ್ಲಿ ಸ್ಕ್ರೂ, ಕೈಯಲ್ಲಿ ಫಿಲ್ಟರ್. ಆಗಲೇ ಗೋಲಾಯಿತು. ಪೊರ್ಬುಗಳು ಕುರ್ಚಿಯಿಂದ ಎದ್ದ ರಭಸಕ್ಕೆ ನನ್ನ ಏಣಿ ಅಲ್ಲಾಡಿತು. ಅವರು ಟೀವಿಯನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಬಹಳ ಹೊತ್ತು ನೋಡಿದರು. ಆ ನೋಟ ಏನೆಂದು ನನಗೆ ಆಗ ತಿಳಿಯಲಿಲ್ಲ.

ತಂಡದ ಹೆಸರು ಇಲ್ಲಿ ಬರೆಯುವುದಿಲ್ಲ. ಬೇರೆ ತಂಡದವರು ಓದಿದರೆ ನಗುತ್ತಾರೆ, ಬರೆಯಬೇಡ ಎಂದು ಪೊರ್ಬುಗಳ ಕಟ್ಟಪ್ಪಣೆಯಾಗಿದೆ. ನಗಲು ಕಾರಣವೂ ಇತ್ತು. ಅದು ಮೊದಲು ಅಲ್ಲಿನ ಎಲ್ಲಕ್ಕಿಂತ ಮೇಲಿನ ದರ್ಜೆಯಲ್ಲಿ ಆಡುತ್ತಿದ್ದ ತಂಡವಂತೆ. ಹಿಂದಿನ ಮೇ ತಿಂಗಳಿನಲ್ಲಿ ಕೊನೆಯ ಮೂರರಲ್ಲಿ ಬಂದು ಎರಡನೆಯ ದರ್ಜೆಗೆ ಬಿದ್ದಿತ್ತು.

“ಬಿದ್ದಿತ್ತು ಅಂದ್ರೆ?” ಎಂದು ಕೇಳಿದೆ. ಹೊಸ ಯಂತ್ರ ಕಂಡರೆ ಬಿಚ್ಚಿ ನೋಡಬೇಕು ಎನ್ನುವ ಚಾಳಿ ನನ್ನದು.

“ಕೆಳಗಿನ ಕ್ಲಾಸಿಗೆ ಹಾಕ್ತಾರೆ ಮಾರಾಯ. ಅಲ್ಲಿಂದ ಮೂರು ತಂಡ ಮೇಲೆ ಹೋಗ್ತದೆ.”

“ಫೇಲಾದವರನ್ನು ಅದೇ ಕ್ಲಾಸಲ್ಲಿ ಕೂರಿಸೂದು ಗೊತ್ತುಂಟು. ಹಿಂದಿನ ಕ್ಲಾಸಿಗೆ ದೂಡೂದು ಯಾವ ಶಾಲೆಯಲ್ಲಿ?”

“ಇಂಗ್ಲೆಂಡಿನಲ್ಲಿ.”

ಅದು ನನ್ನ ತಲೆಯಿಂದ ಹೋಗಲೇ ಇಲ್ಲ. ಯಾಕೆಂದರೆ ಫೇಲಾಗುವ ವಿಷಯದಲ್ಲಿ ನನಗೆ ಸ್ವಲ್ಪ ಅನುಭವವಿದೆ. ನಮ್ಮ ಕಾಲದಲ್ಲಿ ಏಳನೇ ಕ್ಲಾಸಿಗೆ ಪಬ್ಲಿಕ್ ಪರೀಕ್ಷೆ. ಹೆಡ್‌ಮಾಸ್ಟ್ರು ಶಾಲೆಯ ಜಗಲಿಯಲ್ಲಿ ನಿಂತು ಪಾಸಾದವರ ಹೆಸರು ಓದುತ್ತಿದ್ದರು. ಹೆಸರು ಕೇಳಿದವನು ಒಮ್ಮೆ ಕುಪ್ಪಳಿಸಿ ಗೇಟಿನ ಕಡೆ ಓಡಬೇಕು. ಅವರು ಓದಿ ಮುಗಿಸಿ, ಕನ್ನಡಕ ತೆಗೆದು, ಕಾಗದ ಮಡಚುವಾಗ ಅಂಗಳದಲ್ಲಿ ಮೂರು ಮಂದಿ ಉಳಿದಿದ್ದೆವು. ನಾನು ನೇರ ಗೇರುಗುಡ್ಡೆಗೆ ಹೋದೆ. ಹೊಟ್ಟೆ ನೋಯುವಷ್ಟು ಗೇರುಹಣ್ಣು ತಿಂದೆ. ಮನೆಗೆ ಬಂದಾಗ ಅಮ್ಮ ರಿಸಲ್ಟಿನ ಸುದ್ದಿ ಕೇಳಲಿಲ್ಲ, ಅಂಗಿಯ ಮೇಲಿನ ಕಲೆ ನೋಡಿ, “ಇದು ಇನ್ನು ಹೋಗ್ಲಿಕ್ಕಿಲ್ಲ” ಎಂದಷ್ಟೇ ಹೇಳಿದರು. ಮತ್ತೊಮ್ಮೆ ಕಟ್ಟು ಎಂದು ಯಾರೂ ಹೇಳಲಿಲ್ಲ ಎಂದಲ್ಲ, ಮಾಸ್ಟ್ರು ಮನೆಗೇ ಬಂದರು. ನಾನೇ ಅಟ್ಟದಿಂದ ಇಳಿಯಲಿಲ್ಲ. ಜೂನ್ ತಿಂಗಳಲ್ಲಿ ನನ್ನ ತಂಗಿಯ ಓರಗೆಯವರೆಲ್ಲ ಏಳಕ್ಕೆ ಬರುತ್ತಾರೆ, ಅವರ ಜೊತೆ ಅದೇ ಬೆಂಚಿನಲ್ಲಿ ನಾನು ಕೂರಬೇಕು. ಅದರ ಬದಲು ಪೇಟೆಯ ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹಾಕುವುದು ಮರ್ಯಾದೆ ಎನ್ನಿಸಿತು. ಸೈಕಲ್ಲಿನಿಂದ ಫ್ರಿಜ್ಜು, ಫ್ರಿಜ್ಜಿನಿಂದ ಏಸಿ, ಊರಿನಿಂದ ಮುಂಬೈ, ಮುಂಬೈಯಿಂದ ಇಲ್ಲಿಗೆ. ಇವತ್ತು ಕಂಪ್ರೆಸರಿನ ಸದ್ದು ಫೋನಿನಲ್ಲಿ ಕೇಳಿಸಿದರೂ ರೋಗ ಹೇಳಬಲ್ಲೆ. ಇದನ್ನು ಜಂಭ ಎನ್ನುವವರು ಜುಲೈಯಲ್ಲಿ ನನಗೆ ಫೋನ್ ಮಾಡಬಾರದು.

ಹಾಗಾಗಿ ಕೆಳಗಿನ ಕ್ಲಾಸಿಗೆ ಬಿದ್ದವರು ಅಲ್ಲಿ ಹೇಗೆ ಇರುತ್ತಾರೆ ಎಂದು ತಿಳಿಯುವ ಕುತೂಹಲ ನನಗೆ. ಬುದಯ್ಯದ ಕಾಂಪೌಂಡ್ ಮನೆಯೊಂದರಲ್ಲಿ ಒಬ್ಬ ಇಂಗ್ಲಿಷ್ ಯಜಮಾನರಿದ್ದಾರೆ, ವರ್ಷಕ್ಕೆರಡು ಸಲ ಅವರ ಏಸಿಗಳ ಸರ್ವಿಸ್ ನನ್ನದು. ಕೆಲಸ ಮುಗಿಸಿ ನನ್ನ ಹರಕು ಇಂಗ್ಲಿಷಿನಲ್ಲಿ ಈ ತಂಡದ ವಿಷಯ ಕೇಳಿದೆ. ಅವರು ನಗಲಿಲ್ಲ. ಕನ್ನಡಕ ತೆಗೆದು, ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ, ನಿಮಗೆ ಆ ತಂಡದಲ್ಲಿ ಯಾರಾದರೂ ಸಂಬಂಧಿಕರಿದ್ದಾರೆಯೇ ಎಂದು ವಿಚಾರಿಸಿದರು.

ಲೆಕ್ಕ ನಾನು ಬೇಗ ಕಲಿತೆ. ಒಟ್ಟು ಇಪ್ಪತ್ತನಾಲ್ಕು ತಂಡ. ಒಂದೊಂದಕ್ಕೂ ನಲವತ್ತಾರು ಆಟ. ಗೆದ್ದರೆ ಮೂರು ಅಂಕ, ಸಮವಾದರೆ ಒಂದು. ಮೊದಲಿನ ಎರಡು ತಂಡ ಸೀದಾ ಮೇಲೆ. ಮೂರರಿಂದ ಆರನೇ ಸ್ಥಾನದವರೆಗಿನ ನಾಲ್ಕು ತಂಡ ತಮ್ಮೊಳಗೆ ಬಡಿದಾಡಿ, ಕೊನೆಗೆ ಉಳಿದ ಒಂದು ಮೇಲೆ. ಅಡಿಯ ಮೂರು ಇನ್ನೂ ಕೆಳಗಿನ ಕ್ಲಾಸಿಗೆ. ಅಂದರೆ ಬಿದ್ದ ಮೇಲೂ ಬೀಳಲು ಜಾಗ ಇಟ್ಟಿದ್ದಾರೆ. ವ್ಯವಸ್ಥೆ ಎಂದರೆ ಹೀಗಿರಬೇಕು.

ಸೆಪ್ಟೆಂಬರಿನಲ್ಲಿ ಮಾಹೂಝಿನ ಅದೇ ಮನೆಯಿಂದ ಮತ್ತೆ ದೂರು, ಮತ್ತೆ ಶನಿವಾರ. ಹೋದೆ, ಮುಚ್ಚಳ ಬಿಚ್ಚಿದೆ, ದೋಷವಿಲ್ಲ. ತಂಡ ಗೆದ್ದಿತು. ಅಕ್ಟೋಬರಿನಲ್ಲಿ ಮತ್ತೊಮ್ಮೆ. ದೋಷವಿಲ್ಲ, ತಂಡ ಗೆದ್ದಿತು. ಜಾಬ್ ಕಾರ್ಡಿನಲ್ಲಿ ದೂರು, ದೋಷ, ಮಾಡಿದ ಕೆಲಸ ಎಂದು ಮೂರು ಖಾನೆ ಇರುತ್ತದೆ. ದೋಷದ ಖಾನೆಯಲ್ಲಿ ‘ಇಲ್ಲ’ ಎಂದು ಬರೆದು ಪೊರ್ಬುಗಳ ಸಹಿ ತೆಗೆದುಕೊಂಡು ಬಂದೆ.

ನವೆಂಬರಿನ ಮೊದಲ ಶನಿವಾರ ಐದಕ್ಕೇ ಬರಬೇಕೆಂದು ತಾಕೀತು. ಹೋದರೆ ಟೀವಿಯಲ್ಲಿ ಖಾಲಿ ಮೈದಾನ, ಯಾರೋ ಹುಲ್ಲಿಗೆ ನೀರು ಬಿಡುತ್ತಿದ್ದಾನೆ. ಪೊರ್ಬುಗಳ ಹೆಂಡತಿ ಹಿಲ್ಡಾ ಬಾಯಮ್ಮ ಅಡುಗೆಮನೆಯಿಂದಲೇ ಹೇಳಿದರು, “ಅಲ್ಲಿ ಗಡಿಯಾರ ಹಿಂದೆ ಇಟ್ಟಾಯ್ತು. ಇನ್ನು ಮಾರ್ಚ್‌ವರೆಗೆ ಇಲ್ಲಿಯ ಆರು ಗಂಟೆಗೆ ಆಟ. ಇಪ್ಪತ್ತು ವರ್ಷದಿಂದ ಪ್ರತಿ ಸಲ ಹೇಳ್ತೇನೆ, ಪ್ರತಿ ಸಲ ಒಂದು ಗಂಟೆ ಮುಂಚೆ ಅಂಗಿ ಹಾಕಿ ಕೂತ್ಕೊಳ್ತಾರೆ.” ಅವರು ಆಸ್ಪತ್ರೆಯಲ್ಲಿ ನರ್ಸ್, ಗಂಡನ ವಿಷಯದಲ್ಲಿಯೂ ಚಾರ್ಟು ಇಟ್ಟವರ ಹಾಗೆ ಮಾತಾಡುತ್ತಾರೆ. ಒಂದು ದೇಶ ಒಟ್ಟಿಗೆ ಸೇರಿ ಗಡಿಯಾರವನ್ನು ಹಿಂದಕ್ಕೆ ತಿರುಗಿಸುವುದುಂಟು ಎಂದು ನನಗೆ ಅವತ್ತೇ ಗೊತ್ತಾದದ್ದು. ಆ ಒಂದು ಗಂಟೆ ಏನೂ ಮಾಡಲು ಇರಲಿಲ್ಲ. ಬಾಯಮ್ಮ ಮಾಡಿದ ಸನ್ನಣ, ಅವರ ಕಡೆಯ ಮೆತ್ತನೆಯ ಇಡ್ಲಿ, ತಿಂದೆವು, ಆಗ ಶಾಲಿನ ಕತೆ ಹೊರಬಂತು.

ಪೊರ್ಬುಗಳು ಇಪ್ಪತ್ತೈದರ ಪ್ರಾಯದಲ್ಲಿ ಹಡಗಿನ ಅಡುಗೆಮನೆಯಲ್ಲಿದ್ದರು. ಆ ಊರಿನ ಬಂದರಿನಲ್ಲಿ ಹಡಗು ರಿಪೇರಿಗೆ ನಿಂತಿತು, ಮೂರು ವಾರ, ಕಡು ಚಳಿ. ಹಾಕಲು ಸರಿಯಾದ ಒಂದು ಕೋಟಿಲ್ಲ. ಜನ ಎಲ್ಲ ಒಂದೇ ಕಡೆ ಹೋಗುವುದು ಕಂಡು, ಅಲ್ಲಿ ಬೆಚ್ಚಗಿರಬಹುದು ಎಂದು ಹಿಂದೆ ಹೋದರೆ ಅದು ಫುಟ್‌ಬಾಲ್ ಮೈದಾನ.

“ಇನ್ನೂ ಚಳಿ. ಹಲ್ಲು ಕಟಕಟ. ಪಕ್ಕದಲ್ಲಿ ಒಬ್ಬಳು ಅಜ್ಜಿ ಇದ್ಲು. ನನ್ನನ್ನು ನೋಡ್ಲೂ ಇಲ್ಲ ಮಾರಾಯ. ಆಟ ನೋಡ್ತಾ ನೋಡ್ತಾ ತನ್ನ ಕುತ್ತಿಗೆಯಿಂದ ತೆಗೆದು ನನ್ನ ಕುತ್ತಿಗೆಗೆ ಸುತ್ತಿದ್ಲು. ಮುಗಿದ ಮೇಲೆ ವಾಪಸ್ ಕೊಡುವ ಅಂತ ತಿರುಗಿದ್ರೆ ಇಲ್ಲ.”

“ಅವತ್ತು ಗೆದ್ದರಾ?”

“ನಾಲ್ಕು ಗೋಲಿಂದ ಸೋತರು.”

ಆ ಅಜ್ಜಿಯ ಬಗ್ಗೆ ನಾನು ಅನೇಕ ಸಲ ಯೋಚಿಸಿದ್ದೇನೆ. ನಾಲ್ಕು ಗೋಲಿನಿಂದ ಸೋಲುತ್ತಿದ್ದವಳು ಪಕ್ಕದವನ ಚಳಿಯನ್ನು ಯಾವಾಗ ಕಂಡಳು?

ಡಿಸೆಂಬರಿನಲ್ಲಿ ಎರಡು ಸಲ ಕರೆ ಬಂತು, ಎರಡು ಸಲವೂ ದೋಷವಿಲ್ಲ. ಆಮೇಲೆ ಜನವರಿ ಬಂತು. ಜನವರಿಯಲ್ಲಿ ಬಹರೈನಿನವರು ಕಿಟಕಿ ತೆರೆದು ಮಲಗುತ್ತಾರೆ. ನನ್ನ ಕಸುಬಿನವರಿಗೆ ಅದು ಪೈಪು ತೊಳೆದು ಒಣಗಿಸುವ ಕಾಲ. ಆ ತಿಂಗಳು ಇಡೀ ದ್ವೀಪದಿಂದ ನಮ್ಮ ಆಫೀಸಿಗೆ ಬಂದದ್ದು ‘ಏಸಿ ತಂಪಿಲ್ಲ’ ಎನ್ನುವ ಒಂದೇ ಒಂದು ದೂರು. ಮಾಹೂಝಿನಿಂದ.

ಸೂಪರ್‌ವೈಸರ್ ನನ್ನನ್ನು ಕರೆದು ಐದು ಜಾಬ್ ಕಾರ್ಡುಗಳನ್ನು ಮೇಜಿನ ಮೇಲೆ ಇಸ್ಪೀಟಿನ ಹಾಗೆ ಹರಡಿದ. ಕೇರಳದವನು, ನನಗಿಂತ ಹದಿನೈದು ವರ್ಷ ಚಿಕ್ಕವನು. ಹಿಂದಿಯಲ್ಲಿ ಅವನು ಹೇಳಿದ್ದು ಇಷ್ಟು: “ಒಂದೇ ಮನೆ, ಒಂದೇ ಮೆಕ್ಯಾನಿಕ್, ಸೆಪ್ಟೆಂಬರಿನಿಂದ ಐದು ಸಲ. ಐದು ಸಲವೂ ದೋಷ ಇಲ್ಲ ಅಂತ ಬರೆದಿದ್ದೀರಿ. ದೋಷ ಇಲ್ಲವೋ, ಸಿಗಲಿಲ್ಲವೋ, ಶೀನಣ್ಣ?”

ಇಪ್ಪತ್ತಾರು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ಅವನು ಇನ್ನೊಂದು ಕಾಗದ ಮುಂದೆ ಇಟ್ಟ. ಈಗ ಬರುವ ಏಸಿಗಳಲ್ಲಿ ಹೊಸ ಜಾತಿಯ ಗ್ಯಾಸ್, ಬೆಂಕಿ ಹಿಡಿಯುವಂಥದ್ದು. ಅದನ್ನು ಮುಟ್ಟಬೇಕಾದರೆ ಕ್ಲಾಸಿಗೆ ಹೋಗಬೇಕು, ಪರೀಕ್ಷೆ ಬರೆಯಬೇಕು. ಕಂಪೆನಿಯ ಎಲ್ಲರಿಗೂ ಇದೇ ನಿಯಮ. ಸರ್ಟಿಫಿಕೇಟ್ ಇಲ್ಲದವರು ಬೇಸಿಗೆಯಿಂದ ಹೆಲ್ಪರ್ ಆಗಿ ಏಣಿ ಹಿಡಿಯಬೇಕು. ಹನ್ನೊಂದು ಮಂದಿಯ ಪಟ್ಟಿಯಿತ್ತು. ನನ್ನನ್ನು ಬಿಟ್ಟು ಉಳಿದ ಹತ್ತೂ ಮಂದಿಗೆ ತಾಮ್ರದ ಪೈಪು ಬೆಸೆಯಲು ಕಲಿಸಿದವನು ನಾನೇ.

ನೇರ ಮಾಹೂಝಿಗೆ ಹೋದೆ. ಅವತ್ತು ಏಣಿ ತೆಗೆದುಕೊಂಡು ಹೋಗಲಿಲ್ಲ. ಪೊರ್ಬುಗಳು ಬಾಗಿಲು ತೆರೆದು ಮೊದಲು ನನ್ನ ಹಿಂದೆ ಇಣುಕಿದರು.

“ಏಣಿ ಎಲ್ಲಿ?”

“ಏಸಿಗೆ ಎಂತ ಆಗಿದೆ ಹೇಳಿ, ತರ್ತೇನೆ.”

ಅವರು ಹಿಂದೆ ಸರಿದು ಕುರ್ಚಿಯಲ್ಲಿ ಕುಳಿತರು. ಹಿಲ್ಡಾ ಬಾಯಮ್ಮ ಸೊಂಟಕ್ಕೆ ಕೈ ಕೊಟ್ಟು ಗಂಡನನ್ನೇ ನೋಡಿದರು. “ಹೇಳಿ. ನಾನು ಹೇಳುದಿಲ್ಲ.”

ಪೊರ್ಬುಗಳು ನೆಲ ನೋಡಿಕೊಂಡು ಹೇಳಿದರು. ಆಗಸ್ಟಿನಲ್ಲಿ ನಾನು ಏಣಿ ಹತ್ತಿ ಮುಚ್ಚಳ ಬಿಚ್ಚಿದ ಹೊತ್ತಿಗೆ ಗೋಲಾಯಿತು. ಒಮ್ಮೆ ಪರೀಕ್ಷಿಸಿ ನೋಡುವ ಎಂದು ಸೆಪ್ಟೆಂಬರಿನಲ್ಲಿ ಕರೆಸಿದರು, ಗೆದ್ದರು. ನಾನಿಲ್ಲದ ಶನಿವಾರಗಳಲ್ಲಿ ಹೆಚ್ಚಾಗಿ ಸೋತರು. ಪ್ರತಿ ವಾರ ಕರೆದರೆ ಸಂಶಯ ಬರುತ್ತದೆಂದು, ಗಟ್ಟಿ ಎದುರಾಳಿ ಇದ್ದ ದಿನ ಮಾತ್ರ ಕರೆದರು. “ಅದರಲ್ಲಿ ನಾನು ಸ್ವಲ್ಪ ಲೆಕ್ಕಾಚಾರ ಇಟ್ಟೇ ಮಾಡಿದ್ದು,” ಎಂದರು, ಅದೊಂದು ಒಳ್ಳೆಯ ಗುಣ ಎಂಬಂತೆ.

“ನಿಮ್ಮ ಗೋಲಿಗೆ ನನ್ನ ಹೆಸರು ಹಾಳಾಯ್ತು ಪೊರ್ಬುಗಳೇ. ನನಗೆ ಕೆಲಸ ಬರುದಿಲ್ಲ ಅಂತ ಆಯ್ತು. ಈಗ ಪರೀಕ್ಷೆ ಬರೀಬೇಕಂತೆ.”

ಎರಡೂ ಒಂದಕ್ಕೊಂದು ಸಂಬಂಧವಿಲ್ಲದ ವಿಷಯ ಎಂದು ನನಗೆ ಗೊತ್ತಿತ್ತು. ಸಿಟ್ಟಿನಲ್ಲಿ ಎರಡನ್ನೂ ಒಂದೇ ಪೈಪಿನಲ್ಲಿ ಬಿಟ್ಟೆ. ಪೊರ್ಬುಗಳು ಮರುದಿನ ಬೆಳಿಗ್ಗೆ ಪ್ಯಾಂಟಿಗೆ ಇಸ್ತ್ರಿ ಹಾಕಿಸಿಕೊಂಡು ನಮ್ಮ ಆಫೀಸಿಗೆ ಹೋಗಿ, ಸೂಪರ್‌ವೈಸರನ ಎದುರು ನಿಂತು, ಏಸಿಗೆ ಏನೂ ಆಗಿರಲಿಲ್ಲ, ಆಗಿದ್ದು ತನಗೆ ಎಂದು ಒಪ್ಪಿಕೊಂಡು ಬಂದರು. ಆ ವಯಸ್ಸಿನವರಿಗೆ ಅದು ಸುಲಭವಲ್ಲ. ಆಫೀಸಿನಲ್ಲಿ ಒಂದು ವಾರ ನಗೆ. ಐದು ಕಾರ್ಡುಗಳ ವಿಷಯ ಖಲಾಸ್. ಪರೀಕ್ಷೆ ಮಾತ್ರ ಅಲ್ಲಿಯೇ ಇತ್ತು.

ಫೆಬ್ರವರಿಯ ಒಂದು ಶನಿವಾರ, ಡ್ಯೂಟಿ ಮುಗಿಸಿ, ದೂರು ಇಲ್ಲದೆಯೇ ಅವರ ಮನೆಗೆ ಹೋದೆ. ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಹೋಗುತ್ತೇನೆ ಎಂದು ಹೇಳಿ ಬರಲು ಹೋದದ್ದು.

“ಆ ಮಕ್ಕಳೊಟ್ಟಿಗೆ ಬೆಂಚಲ್ಲಿ ಕೂತ್ಕೊಳ್ಲಿಕ್ಕೆ ನನ್ನಿಂದ ಆಗ್ಲಿಕ್ಕಿಲ್ಲ.”

ಪೊರ್ಬುಗಳು ಕಾಲಿನ ಹೆಬ್ಬೆರಳಿನಿಂದ ಟೀವಿ ತೋರಿಸಿದರು. “ಆ ಗಡ್ಡದವನನ್ನು ನೋಡು. ಮೂವತ್ತೈದು ಪ್ರಾಯ. ಹೋದ ವರ್ಷ ಎಂತೆಂಥ ಸ್ಟೇಡಿಯಂನಲ್ಲಿ ಆಡಿದವ. ಇವತ್ತಿನ ಮೈದಾನ ನೋಡು, ಗೋಲಿನ ಹಿಂದೆ ಯಾರದ್ದೋ ಮನೆಯ ಬಟ್ಟೆ ಒಣಗ್ತಾ ಉಂಟು.”

“ಅವನಿಗೆ ಮರ್ಯಾದೆ ಹೋಗುದಿಲ್ವಾ?”

“ಹೋಗ್ತದೆ. ಹೋಗಿಯೂ ಆಗಿದೆ. ಆದ್ರೂ ಶನಿವಾರ ಬಂತಲ್ಲ, ಬೂಟು ಕಟ್ಟಿದ.”

ಈ ಮಾತಿನಿಂದ ನನ್ನ ಮನಸ್ಸು ಬದಲಾಯಿತು ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಹಾಗಾಗಲಿಲ್ಲ. ನಾನು ಆ ಬಟ್ಟೆಗಳನ್ನು ನೋಡುತ್ತಿದ್ದೆ, ಅಂಥ ಮೋಡದಲ್ಲಿ ಅದು ಹೇಗೆ ಒಣಗೀತು ಎಂದು. ಬದಲಾಯಿಸಿದ್ದು ಹಿಲ್ಡಾ ಬಾಯಮ್ಮ. ಆಟದ ಮಧ್ಯದ ಹದಿನೈದು ನಿಮಿಷದ ಬಿಡುವಿನಲ್ಲಿ ಬಂದು ಕೈ ಚಾಚಿದರು. “ಪರೀಕ್ಷೆಯ ಪುಸ್ತಕ ತನ್ನಿ ಶೀನಣ್ಣ, ನೋಡುವ. ನಾನು ಎಷ್ಟು ಪರೀಕ್ಷೆ ಬರೆದು ಇಲ್ಲಿಗೆ ಬಂದವಳು.” ವೀಸಾ ಕ್ಯಾನ್ಸಲ್ ಮಾಡುವವನು ಪುಸ್ತಕವನ್ನು ಬ್ಯಾಗಿನಲ್ಲಿ ಇಟ್ಟುಕೊಂಡು ತಿರುಗುತ್ತಿದ್ದ ಎಂಬುದನ್ನು ಇಬ್ಬರೂ ಗಮನಿಸಿದರು.

ಅಲ್ಲಿಂದ ಪ್ರತಿ ಶನಿವಾರ ಆ ಹದಿನೈದು ನಿಮಿಷ ನನ್ನ ಶಾಲೆ. ಅವರು ಇಂಗ್ಲಿಷಿನಲ್ಲಿ ಪ್ರಶ್ನೆ ಓದುವುದು, ನಾನು ತುಳುವಿನಲ್ಲಿ ಉತ್ತರಿಸುವುದು, ಅದರ ಇಂಗ್ಲಿಷ್ ಪದವನ್ನು ಅವರು ಹುಡುಕಿ ಅಡಿಗೆರೆ ಎಳೆಯುವುದು. ಕಂಪೆನಿಯ ಕ್ಲಾಸಿನಲ್ಲಿ ಕೊನೆಯ ಬೆಂಚಿನಲ್ಲಿ ಕುಳಿತೆ. ಮೊದಲ ದಿನ ಕಿವಿ ಬಿಸಿಯಾಯಿತು, ನಾಲ್ಕನೇ ದಿನ ನೋಡಿದರೆ ಮುಂದಿನ ಬೆಂಚಿನವರೇ ತಿರುಗಿ ನನ್ನ ಹತ್ತಿರ ಕೇಳುತ್ತಿದ್ದರು. ಇತ್ತ ತಂಡವೂ ಹತ್ತನೆಯ ಸ್ಥಾನದಿಂದ ಒಂಬತ್ತು, ಎಂಟು ಎಂದು ಏರುತ್ತ ಕೊನೆಯ ಆಟದ ಹೊತ್ತಿಗೆ ಏಳಕ್ಕೆ ಬಂದು ನಿಂತಿತು. ಆ ಆಟ ಗೆದ್ದರೆ ಆರನೆಯ ಸ್ಥಾನ, ಮೇಲೆ ಹೋಗುವ ಬಾಗಿಲು ತೆರೆಯುತ್ತದೆ. ಸಮವಾದರೆ ಸಾಲದು.

ಕೊನೆಯ ದಿನ ಎಲ್ಲ ತಂಡಗಳ ಆಟವೂ ಒಂದೇ ಹೊತ್ತಿಗೆ, ನಮ್ಮ ಮಧ್ಯಾಹ್ನ ಎರಡೂವರೆಗೆ. ನನ್ನ ಪರೀಕ್ಷೆ ಅದೇ ಶನಿವಾರ ಎರಡು ಗಂಟೆಗೆ.

ಇದನ್ನು ಪೊರ್ಬುಗಳಿಗೆ ಹೇಳುವ ಮೊದಲು ಎರಡು ದಿನ ಯೋಚಿಸಿದೆ. ಕೇಳಿ ಅವರು ಒಮ್ಮೆ ಏಸಿಯ ಕಡೆ ನೋಡಿದರು. “ನೀನು ಪರೀಕ್ಷೆಗೆ ಹೋಗು,” ಎಂದರು. ಹಡಗು ಹೊರಡುವಾಗ ಬೀಳ್ಕೊಡುವವರ ದನಿಯಲ್ಲಿ.

ಪರೀಕ್ಷೆಯ ಕೋಣೆಯಲ್ಲಿ ಪೆನ್ನು ಹಿಡಿದು ಕುಳಿತೆ. ಬಾಯಲ್ಲಿ ಗೇರುಹಣ್ಣಿನ ಒಗರು ಬಂತು. ಏನು ಓದಿದರೂ ತಲೆಗೆ ಹೋಗುತ್ತಿಲ್ಲ. ಅಷ್ಟರಲ್ಲಿ ತಲೆಯ ಮೇಲಿನ ಏಸಿಯಿಂದ ಸಣ್ಣ ಕಿರ್ ಕಿರ್ ಕೇಳಿತು. ಬ್ಲೋವರಿನ ಬೇರಿಂಗು, ಹೆಚ್ಚೆಂದರೆ ಇನ್ನೊಂದು ತಿಂಗಳು ಬಂದೀತು. ಇಷ್ಟು ಮಂದಿ ಪಂಡಿತರಲ್ಲಿ ಯಾರಿಗೂ ಅದು ಕೇಳಿಸಿರಲಿಲ್ಲ. ಸಮಾಧಾನವಾಗಿ ಮೊದಲ ಪ್ರಶ್ನೆಯನ್ನು ಮತ್ತೊಮ್ಮೆ ಓದಿದೆ.

ನಾಲ್ಕೂವರೆಗೆ ಹೊರಗೆ ಬಂದು ಫೋನ್ ನೋಡಿದರೆ ಮಾಹೂಝಿನಿಂದ ಏನೂ ಇಲ್ಲ. ಟ್ಯಾಕ್ಸಿ ಮಾಡಿ ಹೋದೆ. ಪೊರ್ಬುಗಳು ಸೋಫಾದಲ್ಲಿ ಮೊಣಕಾಲಿಗೆ ಐಸ್ ಕಟ್ಟಿಕೊಂಡು ಮಲಗಿದ್ದರು. ಏಸಿಯ ಮುಚ್ಚಳ ಒಂದು ಕಡೆ ಕಳಚಿ ನೇತಾಡುತ್ತಿತ್ತು. ಅದರ ಕೆಳಗೆ ಅಡುಗೆಮನೆಯ ಸ್ಟೂಲು.

“ಎರಡೂವರೆಗೆ ಹತ್ತಿದ್ದಾರೆ,” ಎಂದರು ಹಿಲ್ಡಾ ಬಾಯಮ್ಮ. “ಯಾರಾದ್ರೂ ಒಬ್ಬ ಮೇಲೆ ಇರ್ಬೇಕಂತೆ. ಬಿಡುವಿನಲ್ಲಿಯೂ ಇಳೀಲಿಲ್ಲ. ಕೊನೆಗೆ ಮುಚ್ಚಳ ಹಿಡ್ಕೊಂಡೇ ಇಳಿದದ್ದು.”

“ಆಟ ಎಂತ ಆಯ್ತು?”

“ಒಂದು-ಒಂದು,” ಎಂದರು ಪೊರ್ಬುಗಳು. “ಏಳನೇ ಸ್ಥಾನ. ಬರುವ ವರ್ಷವೂ ಇದೇ ಕ್ಲಾಸು.” ಐಸಿನ ಕಟ್ಟು ಸರಿಮಾಡಿಕೊಂಡು ಹೇಳಿದರು, “ಗಡ್ಡದವ ಮುಗಿದ ಮೇಲೆ ಜನರಿಗೆ ಕೈ ಬೀಸ್ತಾ ಮೈದಾನ ಸುತ್ತು ಬಂದ. ಯಾರೂ ಎದ್ದು ಹೋಗಿರ್ಲಿಲ್ಲ ಶೀನ. ನಿನ್ನದು ಎಂತ ಆಯ್ತು?”

“ಬರೆದೆ.”

ಅವರು ತಲೆಯಾಡಿಸಿದರು.

ವಾರ ಕಳೆದು ಆಫೀಸಿನ ಬೋರ್ಡಿನಲ್ಲಿ ಪಟ್ಟಿ ಹಾಕಿದರು. ಯಾರೂ ಜಗಲಿಯಲ್ಲಿ ನಿಂತು ಓದಲಿಲ್ಲ. ನನ್ನ ಹೆಸರು ಇತ್ತು. ಮುಚ್ಚಳದ ಹೊಸ ಕ್ಲಿಪ್ ತೆಗೆದುಕೊಂಡು ಶನಿವಾರ ಮಾಹೂಝಿಗೆ ಹೋದೆ, ಏಣಿಯ ಸಮೇತ.

“ಬೇಕಾದ್ದಕ್ಕಿಂತ ಮೂರು ಅಂಕ ಹೆಚ್ಚು ಬಂತು ಪೊರ್ಬುಗಳೇ.”

“ಮೂರು ಅಂಕ.” ಅವರು ಕೋಲೂರಿ ಎದ್ದು ನನ್ನ ಭುಜ ಹಿಡಿದರು. “ನಮಗೆ ಅಷ್ಟೇ ಬೇಕಿದ್ದದ್ದು ಮಾರಾಯ.”

ಕ್ಲಿಪ್ ಹಾಕಿದೆ. ಆಮೇಲೆ, ಕೊನೆಯ ಆಟದ ದಿನ ಪೊರ್ಬುಗಳು ಮತ್ತೆ ಏಸಿಯ ನೆತ್ತಿಗೆ ಹಾಕಿದ್ದ ಶಾಲು ತೆಗೆದು ಎದುರಿನ ಗೋಡೆಗೆ ಎರಡು ಮೊಳೆ ಹೊಡೆದು ತೂಗುಹಾಕಿದೆ. ಪೊರ್ಬುಗಳಿಗೆ ಅದು ಹಿಡಿಸಲಿಲ್ಲ. ಅಲ್ಲಿ ಗಾಳಿ ತಾಗುವುದಿಲ್ಲ, ಸತ್ತ ಹಾವಿನ ಹಾಗೆ ಕಾಣುತ್ತದೆ ಎಂದರು. ಜಾಬ್ ಕಾರ್ಡ್ ತೆಗೆದು ದೋಷದ ಖಾನೆಯಲ್ಲಿ ‘ಮುಚ್ಚಳದ ಕ್ಲಿಪ್ ಮುರಿದಿದೆ’ ಎಂದು ಬರೆದೆ. ಆಗಸ್ಟಿನ ನಂತರ ಆ ಮನೆಯಲ್ಲಿ ಸಿಕ್ಕ ಮೊದಲ ನಿಜವಾದ ದೋಷ ಅದು. ಅಡಿಯಲ್ಲಿ ಸರ್ಟಿಫಿಕೇಟ್ ನಂಬರಿನ ಸಣ್ಣ ಖಾನೆಯೊಂದಿತ್ತು, ಅದನ್ನೂ ತುಂಬಿಸಿದೆ. ಸಹಿ ಹಾಕಲು ಅವರ ಕೈಗೆ ಕೊಟ್ಟು ಮತ್ತೆ ಏಣಿ ಹತ್ತಿದೆ. ಏಸಿಯ ಬಾಯಿಯಲ್ಲಿ ಗಾಳಿಯ ದಿಕ್ಕು ತಿರುಗಿಸುವ ರೆಕ್ಕೆಗಳನ್ನು ಒಂದೊಂದಾಗಿ ಬೆರಳಿನಿಂದ ಎಡಕ್ಕೆ ತಿರುಗಿಸುತ್ತ ಹೋದೆ, ಎದುರಿನ ಗೋಡೆಯಲ್ಲಿ ಶಾಲಿನ ತುದಿ ಅಲ್ಲಾಡುವವರೆಗೆ.